ಸ್ಪರ್ಧೆಯ ರೋಬೋಟಿಗೆ ದೂರದಿಂದಲೂ ಓದಲು ಬರುವ ತಂಡದ ನಂಬರು: ಅಳತೆಯಿಂದ ಅಂಟಿಸುವವರೆಗೆ

ಪಂದ್ಯ ನಡೆಯುವಾಗ ರೋಬೋಟಿನ ಮೇಲಿನ ನಂಬರು ಬೇಕಾಗಿರುವುದು ನಿಮ್ಮ ತಂಡಕ್ಕಲ್ಲ, ಅದನ್ನು ಹಿಂದೆಂದೂ ನೋಡದ ರೆಫರಿಗೆ. ಎಫ್‌ಆರ್‌ಸಿ (ಫಸ್ಟ್ ರೊಬೊಟಿಕ್ಸ್ ಕಾಂಪಿಟಿಷನ್, ದೊಡ್ಡ ರೋಬೋಟುಗಳ ಸ್ಪರ್ಧೆ) ಪಂದ್ಯದಲ್ಲಿ ಒಮ್ಮೆಗೇ ಆರು ರೋಬೋಟ್ ಓಡಾಡುತ್ತವೆ, ಚಿಕ್ಕ ರೋಬೋಟುಗಳ ಎಫ್‌ಟಿಸಿಯಲ್ಲಿ (ಫಸ್ಟ್ ಟೆಕ್ ಚಾಲೆಂಜ್) ನಾಲ್ಕು. ಒಂದು ರೋಬೋಟ್ ಗೆರೆ ದಾಟಿತು ಅಥವಾ ಎದುರಾಳಿಯನ್ನು ಅಡ್ಡಗಟ್ಟಿತು ಎನ್ನಿ. ರೆಫರಿ ಆ ಎರಡು ಸೆಕೆಂಡಿನಲ್ಲಿ ನಂಬರು ಓದಿ, ಬರೆದುಕೊಂಡು, ಮತ್ತೆ ತಲೆ ಎತ್ತಬೇಕು. ಓದಲು ಬರದಿದ್ದರೆ ಪಕ್ಕದ ತಂಡದ ತಪ್ಪು ನಿಮ್ಮ ಲೆಕ್ಕಕ್ಕೆ ಬೀಳಬಹುದು, ನಿಮ್ಮ ಅಂಕ ಅವರ ಲೆಕ್ಕಕ್ಕೆ ಹೋಗಬಹುದು. ಆದ್ದರಿಂದ ಈ ಮಾರ್ಗದರ್ಶಿಯ ಪ್ರತಿ ಹಂತದಲ್ಲೂ ಅಳತೆ ಶುರುವಾಗುವುದು ರೆಫರಿ ನಿಂತ ಜಾಗದಿಂದ.

ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಲ್ಲಿ ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬ್‌ನಿಂದ ಅಥವಾ ಎಂಜಿನಿಯರಿಂಗ್ ಕಾಲೇಜಿನಿಂದ ಹೊರಡುವ ತಂಡಗಳಿಗಾಗಿ ಇದನ್ನು ಬರೆದಿದೆ. ಬೇಕಾದ ಸಾಮಾನೆಲ್ಲ ಊರಿನ ಸ್ಟಿಕ್ಕರ್ ಅಂಗಡಿ, ಫ್ಲೆಕ್ಸ್ ಅಂಗಡಿ, ಝೆರಾಕ್ಸ್ ಅಂಗಡಿ ಮತ್ತು ಸೀಟ್ ಕವರ್ ಹೊಲಿಯುವವರ ಹತ್ತಿರವೇ ಸಿಗುತ್ತದೆ. ಹೊರಗಿನಿಂದ ತರಿಸಬೇಕಾದದ್ದು ಏನೂ ಇಲ್ಲ.

ಮೊದಲು ನಿಯಮ ಪುಸ್ತಕ

ಮೂರು ದೊಡ್ಡ ಸ್ಪರ್ಧೆಗಳ ನಿಯಮಗಳು ಒಂದೇ ತರಹ ಕಂಡರೂ ಅಳತೆ ಬೇರೆ ಬೇರೆ. ಪ್ರತಿ ಹಂಗಾಮಿನಲ್ಲೂ ಪುಸ್ತಕ ಹೊಸದಾಗಿ ಬರುತ್ತದೆ, ನಡುವೆ ತಿದ್ದುಪಡಿಗಳೂ ಬರುತ್ತವೆ. ಹಿಂದಿನ ವರ್ಷದ ಪ್ಲೇಟನ್ನೇ ಈ ವರ್ಷವೂ ಹಾಕುವ ಮುನ್ನ ಆ ಒಂದು ಪುಟವನ್ನಾದರೂ ತೆರೆದು ನೋಡಿ.

ಎಫ್‌ಆರ್‌ಸಿಯಲ್ಲಿ ನಂಬರು ಇರುವುದು ರೋಬೋಟಿನ ಸುತ್ತಲಿನ ಬಂಪರ್ ಬಟ್ಟೆಯ ಮೇಲೆ. ಪ್ರತಿ ಪಂದ್ಯದಲ್ಲೂ ತಂಡಗಳನ್ನು ಕೆಂಪು, ನೀಲಿ ಎಂಬ ಎರಡು ಪಕ್ಷಗಳಾಗಿ ಹಂಚುತ್ತಾರೆ, ಬಟ್ಟೆ ಆಯಾ ಪಂದ್ಯದ ಪಕ್ಷಕ್ಕೆ ತಕ್ಕಂತೆ ಕೆಂಪು ಇಲ್ಲವೇ ನೀಲಿ. ಅಂಕಿಯ ಎತ್ತರ ಬಹುಕಾಲ ಕನಿಷ್ಠ 4 ಇಂಚು, ಅಂದರೆ ಸುಮಾರು 102 ಮಿ.ಮೀ. ಇತ್ತು, ಈ ವರ್ಷದ ಅಳತೆಯನ್ನು ಪುಸ್ತಕದಲ್ಲೇ ನೋಡಿಕೊಳ್ಳಿ. ಗೆರೆಯ ದಪ್ಪ ಕನಿಷ್ಠ ಅರ್ಧ ಇಂಚು, ಸುಮಾರು 13 ಮಿ.ಮೀ. ಅಂಕಿ ಬಿಳಿಯದಾಗಿರಬೇಕು, ಇಲ್ಲವೇ ಅದರ ಸುತ್ತ ಕನಿಷ್ಠ 1.6 ಮಿ.ಮೀ. ಬಿಳಿ ಅಂಚು ಇರಬೇಕು. ಅಂಕಿಯ ಜಾಗದಲ್ಲಿ ಲೋಗೋ ಅಥವಾ ಚಿತ್ರ ಹಾಕುವಂತಿಲ್ಲ. 160 ಡಿಗ್ರಿಗಿಂತ ಚೂಪಾದ ಮೂಲೆಯ ಮೇಲೆ ನಂಬರು ಮಡಚಿಕೊಂಡು ಹೋಗುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರೋಬೋಟಿನ ಸುತ್ತ ಒಬ್ಬರು ನಡೆದು ಬಂದರೆ ಯಾವ ಜಾಗದಲ್ಲಿ ನಿಂತರೂ ನಂಬರು ಯಾವುದೆಂದು ಅನುಮಾನವಿಲ್ಲದೆ ಗೊತ್ತಾಗಬೇಕು. ಹೆಚ್ಚಿನ ತಂಡಗಳು ಎಡವುವುದು ಈ ಕೊನೆಯ ಮಾತಿನಲ್ಲಿ. ಸ್ಕೇಲು ಹಿಡಿದು ಅಳೆದರೆ ಎಲ್ಲ ಸರಿ ಇರುತ್ತದೆ, ಮೂಲೆಯಿಂದ ನೋಡಿದರೆ ಎರಡೂ ಬದಿಯ ಅರ್ಧರ್ಧ ನಂಬರು ಸೇರಿ ಬೇರೆಯದೇ ಸಂಖ್ಯೆ ಕಾಣುತ್ತದೆ.

ಎಫ್‌ಟಿಸಿಯಲ್ಲಿ 2024–25ರ ಹಂಗಾಮಿನಿಂದ ನಂಬರು ಮತ್ತು ಪಕ್ಷದ ಬಣ್ಣ ಒಂದೇ ಫಲಕಕ್ಕೆ ಬಂದಿವೆ: ಗಟ್ಟಿ ಕೆಂಪು ಇಲ್ಲವೇ ನೀಲಿ ಹಿನ್ನೆಲೆ, ಅದರ ಮೇಲೆ ಬಿಳಿ ಅಂಕಿ. ಫಲಕ ಕನಿಷ್ಠ 6.5 ಇಂಚು ಅಗಲ, 2.5 ಇಂಚು ಎತ್ತರ. ಅಂಕಿ ಕನಿಷ್ಠ 2.25 ಇಂಚು, ಅಂದರೆ 57 ಮಿ.ಮೀ. ಎತ್ತರ. ಇಂಥ ಫಲಕ ಕನಿಷ್ಠ ಎರಡು ಬದಿಗೆ ಬೇಕು. ಎದುರುಬದುರಿನ ಎರಡು ಬದಿ ಆರಿಸಿಕೊಂಡರೆ, ಪಂದ್ಯಕ್ಕೆ ಮುನ್ನ ರೋಬೋಟ್ ಅಳೆದು ನೋಡುವ ಯಾವ ಪರೀಕ್ಷಕರಿಗೂ ತಕರಾರಿರುವುದಿಲ್ಲ.

ವೆಕ್ಸ್ ವಿ5 ಸ್ಪರ್ಧೆಯಲ್ಲಿ ಕೆಂಪು ಮತ್ತು ನೀಲಿ ಲೈಸೆನ್ಸ್ ಪ್ಲೇಟುಗಳು, ಅವೂ ಎದುರುಬದುರಿನ ಬದಿಗಳಲ್ಲಿ. ಅಲ್ಲಿ ನಂಬರಿನ ಕೊನೆಗೆ ಸಾಮಾನ್ಯವಾಗಿ ಒಂದು ಅಕ್ಷರವೂ ಇರುತ್ತದೆ. ಆ ಅಕ್ಷರ ಬಿ ಆಗಿದ್ದರೆ 8ರಂತೆ, ಡಿ ಆಗಿದ್ದರೆ 0ಯಂತೆ, ಎಸ್ ಆಗಿದ್ದರೆ 5ರಂತೆ ಕಾಣುತ್ತದೆ. ಅಂಥ ತಂಡಗಳು ಅಂಕಿಗೂ ಅಕ್ಷರಕ್ಕೂ ನಡುವೆ ಸಾಮಾನ್ಯಕ್ಕಿಂತ ಎರಡರಷ್ಟು ಜಾಗ ಬಿಡಬೇಕು.

ಎತ್ತರ ಎಷ್ಟಿರಬೇಕು

ನಿಯಮ ಪುಸ್ತಕ ಹೇಳುವುದು ಕನಿಷ್ಠ ಅಳತೆ. ನಿಮ್ಮ ಸ್ಪರ್ಧೆಗೆ ನಿಯಮವೇ ಇಲ್ಲದಿದ್ದರೆ (ನಮ್ಮ ಕಡೆಯ ಕಾಲೇಜು ಫೆಸ್ಟ್‌ಗಳಲ್ಲಿ ಬಹಳ ಸಲ ಇರುವುದಿಲ್ಲ) ಸುಲಭವಾದ ಒಂದು ಲೆಕ್ಕವಿದೆ. ನಿಂತ ವಸ್ತುವಿನ ಮೇಲಿನ ಅಂಕಿ ಆರಾಮಾಗಿ ಓದಲು ದೂರವನ್ನು 200ರಿಂದ ಭಾಗಿಸಿದಷ್ಟು ಎತ್ತರ ಸಾಕು. ಓಡುವ, ತಿರುಗುವ, ಡಿಕ್ಕಿ ಹೊಡೆಯುವ ರೋಬೋಟಿಗೆ 100ರಿಂದ ಭಾಗಿಸಿ. ರೆಫರಿಯಿಂದ ರೋಬೋಟಿಗೆ 6 ಮೀಟರ್ ಇದ್ದರೆ 6000 ಮಿ.ಮೀ.ಯನ್ನು 100ರಿಂದ ಭಾಗಿಸಿದಾಗ 60 ಮಿ.ಮೀ. ಎಫ್‌ಟಿಸಿ ಮೈದಾನ 12 ಅಡಿ ಚೌಕ, ಅಂದರೆ 3.66 ಮೀಟರ್. ಆಚೆ ಅಂಚಿನ ರೋಬೋಟಿಗೂ 37 ಮಿ.ಮೀ. ಸಾಕಾಗುತ್ತಿತ್ತು, ನಿಯಮ 57 ಕೇಳುತ್ತದೆ. ಕೈಗಳು, ವೈರುಗಳು, ಇತರ ರೋಬೋಟುಗಳು ಅಡ್ಡ ಬರುತ್ತವೆ, ಫಲಕ ಓರೆಯಾಗಿ ಕಾಣುತ್ತದೆ. ಹೆಚ್ಚಿನ 20 ಮಿ.ಮೀ. ಅದಕ್ಕೆಲ್ಲ ಕೆಲಸಕ್ಕೆ ಬರುತ್ತದೆ.

ಗೆರೆಯ ದಪ್ಪ ಎತ್ತರದ ಆರನೇ ಒಂದರಿಂದ ಎಂಟನೇ ಒಂದು ಭಾಗ ಇರಲಿ. ಅದಕ್ಕಿಂತ ತೆಳುವಾದರೆ ದೂರದಿಂದ ಗೆರೆ ಕರಗುತ್ತದೆ. ತೀರಾ ದಪ್ಪವಾದರೆ 8, 6, 9ರ ಒಳಗಿನ ಹೊಟ್ಟೆ ಮುಚ್ಚಿಕೊಂಡು ಮೂರೂ ಒಂದೇ ತರಹ ಕಾಣುತ್ತವೆ.

ಫಾಂಟ್ ಸೈಜಿನ ಮೋಸ

ತಂಡಗಳು ಪರೀಕ್ಷೆಯ ಮೇಜಿನ ಮೇಲೆ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

72 ಪಾಯಿಂಟ್ ಅಂದರೆ ಒಂದು ಇಂಚು ಎಂದು ಎಲ್ಲರಿಗೂ ಗೊತ್ತು. ಹಾಗಾದರೆ 2.25 ಇಂಚಿಗೆ 162 ಪಾಯಿಂಟ್ ಎಂದು ಲೆಕ್ಕ ಹಾಕಿ ಪ್ರಿಂಟ್ ತೆಗೆದರೆ ಅಂಕಿ ಬರುವುದು 1.6 ಇಂಚು ಮಾತ್ರ. ಪಾಯಿಂಟ್ ಸೈಜು ಅಳೆಯುವುದು ಅಂಕಿಯನ್ನಲ್ಲ. ಮೇಲೆ ಕೆಳಗೆ ಬಾಲವಿರುವ ಅಕ್ಷರಗಳಿಗಾಗಿ ಬಿಟ್ಟ ಜಾಗವೂ ಅದರಲ್ಲಿ ಸೇರಿರುತ್ತದೆ. ಏರಿಯಲ್ ಬೋಲ್ಡ್‌ನಲ್ಲಿ ಅಂಕಿಯ ಎತ್ತರ ಪಾಯಿಂಟ್ ಸೈಜಿನ ಸುಮಾರು 71 ಪ್ರತಿಶತ. ಆದ್ದರಿಂದ 57 ಮಿ.ಮೀ. ಅಂಕಿಗೆ 230 ಪಾಯಿಂಟ್ ಕೊಡಿ, 102 ಮಿ.ಮೀ. ಅಂಕಿಗೆ 410 ಪಾಯಿಂಟ್ ಕೊಡಿ. 5 ಮತ್ತು 7ರ ತಲೆ ಉಳಿದ ಅಂಕಿಗಳಿಗಿಂತ ಕೂದಲೆಳೆಯಷ್ಟು ಕೆಳಗಿರಬಹುದು, 0 ಮತ್ತು 8ರ ತಲೆ ಸ್ವಲ್ಪ ಮೇಲಿರಬಹುದು. ನಿಮ್ಮ ನಂಬರಿನಲ್ಲಿರುವ ಅತಿ ಗಿಡ್ಡ ಅಂಕಿಯನ್ನು ಸ್ಟೀಲ್ ಸ್ಕೇಲಿನಿಂದ ಅಳೆಯಿರಿ. ಪರೀಕ್ಷಕರು ಅಳೆಯುವುದೂ ಅದನ್ನೇ.

ಅಗಲದ ಲೆಕ್ಕವೂ ಹಾಗೇ. ಏರಿಯಲ್ ಬೋಲ್ಡ್‌ನ 230 ಪಾಯಿಂಟಿನಲ್ಲಿ ಒಂದು ಅಂಕಿ, ಪಕ್ಕದ ಜಾಗ ಸೇರಿ, 45 ಮಿ.ಮೀ. ಹಿಡಿಯುತ್ತದೆ. ನಾಲ್ಕು ಅಂಕಿಗೆ 180, ಐದು ಅಂಕಿಗೆ 225 ಮಿ.ಮೀ. ಎರಡೂ ಬದಿಗೆ ತಲಾ 10 ಮಿ.ಮೀ. ಅಂಚು ಬಿಟ್ಟರೆ ಐದು ಅಂಕಿಯ ತಂಡಕ್ಕೆ ಬೇಕಾದ ಫಲಕ 245 ಮಿ.ಮೀ. ಅಂದರೆ ನಿಯಮದಲ್ಲಿ ಬರೆದ 6.5 ಇಂಚಿನ (165 ಮಿ.ಮೀ.) ಫಲಕ ಕತ್ತರಿಸಿಟ್ಟುಕೊಂಡರೆ ನಂಬರು ಅದರಲ್ಲಿ ಹಿಡಿಯುವುದೇ ಇಲ್ಲ. ರೋಬೋಟ್ ವಿನ್ಯಾಸ ಮಾಡುವ ಮೊದಲ ವಾರದಲ್ಲೇ 250 ಮಿ.ಮೀ. ಅಗಲ, 80 ಮಿ.ಮೀ. ಎತ್ತರದ ಎರಡು ಚಪ್ಪಟೆ ಜಾಗ ಕಾದಿಡಿ. ಎಲ್ಲ ಮೋಟಾರು, ವೈರು ಕೂರಿಸಿದ ಮೇಲೆ ನಂಬರಿಗೆ ಜಾಗ ಹುಡುಕಲು ಹೊರಟರೆ ಸಿಗುವುದಿಲ್ಲ. ಎಫ್‌ಆರ್‌ಸಿ ಬಂಪರಿಗೆ 410 ಪಾಯಿಂಟಿನಲ್ಲಿ ನಾಲ್ಕು ಅಂಕಿ ಸುಮಾರು 320 ಮಿ.ಮೀ., ಐದು ಅಂಕಿ ಸುಮಾರು 400 ಮಿ.ಮೀ. ಬೇಡುತ್ತವೆ.

ಜಾಗ ಸಾಲದಿದ್ದರೆ ಕಿರಿದಾದ ಫಾಂಟ್ ಬಳಸಬಹುದು. ಆದರೆ ಮೌಸ್ ಹಿಡಿದು ಪಕ್ಕದಿಂದ ಒತ್ತಿ ಅಂಕಿ ಸಪೂರ ಮಾಡಬೇಡಿ. ಹಾಗೆ ಮಾಡಿದರೆ ನಿಂತ ಗೆರೆ ತೆಳುವಾಗಿ ಅಡ್ಡ ಗೆರೆ ದಪ್ಪವಾಗಿಯೇ ಉಳಿಯುತ್ತದೆ. ಸ್ಟೆನ್ಸಿಲ್ ಫಾಂಟ್, ಕ್ಯಾಲ್ಕುಲೇಟರಿನ ಏಳು ಗೆರೆಯ ಫಾಂಟ್, ಓರೆ ಫಾಂಟ್ ಇವು ಬೇಡ. ಏಳು ಗೆರೆಯ ಅಂಕಿಯಲ್ಲಿ ಒಂದು ಗೆರೆ ಕಿತ್ತುಹೋದರೆ 8 ಇದ್ದದ್ದು 6, 9 ಅಥವಾ 0 ಆಗುತ್ತದೆ.

ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕನ್ನಡ ಅಂಕಿ ನಡೆಯುವುದಿಲ್ಲ, 0ಯಿಂದ 9ರ ಅಂಕಿಗಳೇ ಬೇಕು. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದರೆ ಈ ಒಂದು ವಿಷಯ ನೆನಪಿಡಿ: ಅಲ್ಲಿ ಕನ್ನಡ ಕೆಲಸವೇ ಹೆಚ್ಚು, ಕನ್ನಡ ಅಂಕಿ ಮೂಡಿಸುವ ಫಾಂಟ್ ಆಯ್ಕೆಯಾಗಿದ್ದರೆ ನೀವು ಒತ್ತಿದ ನಂಬರು ಬೇರೆಯಾಗಿ ಮೂಡುತ್ತದೆ. ಕನ್ನಡ ನಂಬರು ಹಾಕುವ ಆಸೆ ಇದ್ದರೆ ರೋಬೋಟಿನ ಬೇರೆ ಜಾಗದಲ್ಲಿ, ಅಧಿಕೃತ ಫಲಕದಿಂದ ದೂರ, ಅಲಂಕಾರಕ್ಕೆಂದು ಹಾಕಿ. ಚೆಂದ ಕಾಣುತ್ತದೆ.

ಬಣ್ಣ

ಬಿದರಿ ಹೂಜಿಯ ಕುಸುರಿ ಕೋಣೆಯ ಆಚೆ ತುದಿಯಿಂದಲೂ ಎದ್ದು ಕಾಣುವುದು ಕಪ್ಪಾದ ಸತುವಿನ ಮೈಮೇಲೆ ಬೆಳ್ಳಿಯ ಎಳೆ ಇರುವುದರಿಂದ. ಕಣ್ಣು ಹಿಡಿಯುವುದು ಬಣ್ಣದ ಹೆಸರನ್ನಲ್ಲ, ಬೆಳಕು ಮತ್ತು ಕತ್ತಲಿನ ಅಂತರವನ್ನು. ಗಾಢ ಕೆಂಪಿನ ಮೇಲೆ ಬಿಳಿ, ಗಾಢ ನೀಲಿಯ ಮೇಲೆ ಬಿಳಿ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಕಿತ್ತಳೆ ಕಡೆಗೆ ವಾಲಿದ ಕೆಂಪು, ಆಕಾಶ ನೀಲಿ ಪಾಸಾಗುವುದಿಲ್ಲ. ಕೆಂಪಿನ ಮೇಲೆ ಕಪ್ಪು, ಹಳದಿಯ ಮೇಲೆ ಬಿಳಿ, ನೀಲಿಯ ಮೇಲೆ ಕೆಂಪು ಇವಂತೂ ಎರಡು ಮೀಟರಿಗೇ ಸೋಲುತ್ತವೆ.

ಪರೀಕ್ಷೆ ಸುಲಭ. ಮೊಬೈಲಿನಲ್ಲಿ ಫಲಕದ ಫೋಟೊ ತೆಗೆದು ಕಪ್ಪು-ಬಿಳುಪು ಫಿಲ್ಟರ್ ಹಾಕಿ. ಅಂಕಿ ಹಿನ್ನೆಲೆಯಿಂದ ಬಿಟ್ಟು ಕಂಡರೆ ಸರಿ, ಎರಡೂ ಬೂದು ಬಣ್ಣದಲ್ಲಿ ಬೆರೆತರೆ ಹಿನ್ನೆಲೆಯನ್ನು ಇನ್ನೂ ಗಾಢ ಮಾಡಿ. ಕೆಂಪು-ಹಸಿರು ಗುರುತಿಸಲು ಆಗದ ರೆಫರಿಯೂ ಇರಬಹುದು. ಈ ಪರೀಕ್ಷೆ ಅವರಿಗೂ ಸಲ್ಲುತ್ತದೆ.

ಹೊಳಪು ಇನ್ನೊಂದು ಶತ್ರು. ಗ್ಲಾಸಿ ಲ್ಯಾಮಿನೇಶನ್ ಮೇಜಿನ ಮೇಲೆ ಮಿರಿಮಿರಿ ಮಿಂಚುತ್ತದೆ, ಸಭಾಂಗಣದ ಎಲ್‌ಇಡಿ ದೀಪದ ಕೆಳಗೆ ಅದೇ ಬಿಳಿ ಪಟ್ಟಿಯಾಗಿ ಅಂಕಿಯನ್ನು ನುಂಗುತ್ತದೆ. ಮ್ಯಾಟ್ ವಿನೈಲ್ ಮತ್ತು ಮ್ಯಾಟ್ ಲ್ಯಾಮಿನೇಶನ್ ಮಾತ್ರ ಬಳಸಿ. ನಮ್ಮ ಕಡೆ ಸ್ಟಿಕ್ಕರ್ ಅಂಗಡಿಗೆ ಹೋಗಿ "ನಂಬರ್ ಹಾಕ್ರಿ" ಎಂದರೆ ಕೈ ಮೊದಲು ಹೋಗುವುದು ಗಾಡಿ ನಂಬರಿಗೆ ಬಳಸುವ, ಬೆಳಕು ತಿರುಗಿ ಎಸೆಯುವ ರೇಡಿಯಂ ರೋಲಿಗೆ. ಕ್ಯಾಮೆರಾ ಫ್ಲ್ಯಾಶ್ ಬಿದ್ದ ಕೂಡಲೇ ಅದು ಉರಿದು ಅಂಕಿಯ ಅಂಚು ಕಾಣದಂತಾಗುತ್ತದೆ. ಸ್ಪಷ್ಟವಾಗಿ ಹೇಳಿ: "ಅಣ್ಣಾರ, ರೇಡಿಯಂ ಬ್ಯಾಡ್ರಿ, ಮ್ಯಾಟ್ ವಿನೈಲ್‌ದಾಗ ಬಿಳಿದು ಕಟ್ ಮಾಡಿ ಕೊಡ್ರಿ."

ಫಲಕ ಮಾಡುವ ಕ್ರಮ

ಎಫ್‌ಟಿಸಿ ಅಥವಾ ಅದೇ ಗಾತ್ರದ ರೋಬೋಟಿಗೆ ಎರಡು ಬದಿ, ಎರಡು ಬಣ್ಣ ಸೇರಿ ನಾಲ್ಕು ಮುಖ ಬೇಕು. ಒಂದೇ ಹಾಳೆಯ ಒಂದು ಬದಿಗೆ ಕೆಂಪು, ಹಿಂಬದಿಗೆ ನೀಲಿ ಅಂಟಿಸಿದರೆ ಎರಡೇ ಫಲಕದಲ್ಲಿ ಕೆಲಸ ಮುಗಿಯುತ್ತದೆ. ಜೊತೆಗೆ ಒಂದು ಹೆಚ್ಚುವರಿ ಮಾಡಿ, ಒಟ್ಟು ಮೂರು. ಬೇಕಾದದ್ದು: 250 × 80 ಮಿ.ಮೀ.ಯ ಮೂರು ತುಂಡು 3 ಮಿ.ಮೀ. ಸನ್‌ಬೋರ್ಡ್ (ಹಗುರ ಫೋಮ್ ಹಾಳೆ) ಅಥವಾ ಎಸಿಪಿ (ನಡುವೆ ಪ್ಲಾಸ್ಟಿಕ್ ಇರುವ ಅಲ್ಯೂಮಿನಿಯಂ) ಹಾಳೆ, ಕೆಂಪು ಮತ್ತು ನೀಲಿ ಮ್ಯಾಟ್ ವಿನೈಲ್ ಅರ್ಧರ್ಧ ಮೀಟರ್, ಬಿಳಿ ಮ್ಯಾಟ್ ವಿನೈಲ್ ಅರ್ಧ ಮೀಟರ್, ಮಾಸ್ಕಿಂಗ್ ಟೇಪ್, ಐಸೋಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ.

ಸನ್‌ಬೋರ್ಡ್ ಹಗುರ, ಕಟ್ಟರಿನಿಂದಲೇ ಕತ್ತರಿಸಬಹುದು, ಡಿಕ್ಕಿಯಲ್ಲಿ ಮೂಲೆ ಮುರಿಯುತ್ತದೆ. ಎಸಿಪಿ ಗಟ್ಟಿ, ಆದರೆ ಅದರ ಎರಡೂ ಮುಖ ಅಲ್ಯೂಮಿನಿಯಂ. ಕತ್ತರಿಸಿದ ಅಂಚು ಬ್ಯಾಟರಿಯ ಕನೆಕ್ಟರಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಎಸಿಪಿ ಬಳಸಿದರೆ ನಾಲ್ಕೂ ಅಂಚಿಗೆ ಇನ್ಸುಲೇಶನ್ ಟೇಪ್ ಕಡ್ಡಾಯವಾಗಿ ಸುತ್ತಿ. ಅಕ್ರಿಲಿಕ್ ಹಾಳೆ ನೋಡಲು ಚೆಂದ, ಆದರೆ ಪೆಟ್ಟಿಗೆ ಸೀಳುತ್ತದೆ, ಚೂರು ಮೈದಾನದಲ್ಲಿ ಉದುರುತ್ತದೆ. ಅದು ಬೇಡ.

ಒಂದನೇ ಹಂತ. ನಂಬರನ್ನು ಕಂಪ್ಯೂಟರಿನಲ್ಲಿ ಮಾಡಿ ಪಿಡಿಎಫ್ ಆಗಿ ಉಳಿಸಿ. ವರ್ಡ್ ಫೈಲನ್ನೇ ಪೆನ್‌ಡ್ರೈವಿನಲ್ಲಿ ಒಯ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದಾಗ ಬೇರೆ ಫಾಂಟ್ ತಾನೇ ಬಂದು ಕೂರುತ್ತದೆ. ಅಳತೆಯೆಲ್ಲ ಬದಲಾಗುತ್ತದೆ, ಯಾರೂ ಗಮನಿಸುವುದಿಲ್ಲ.

ಎರಡನೇ ಹಂತ. ವಿನೈಲ್ ಕತ್ತರಿಸುವ ಮುನ್ನ ಎ4 ಕಾಗದದ ಮೇಲೆ ಒಂದು ಪ್ರಿಂಟ್ ತೆಗೆಸಿ. ಎ4 ಅಡ್ಡಕ್ಕೆ 297 ಮಿ.ಮೀ. ಇರುವುದರಿಂದ 245ರ ಫಲಕ ಅದರಲ್ಲಿ ಕೂರುತ್ತದೆ. ಪ್ರಿಂಟ್ ಕೊಡುವಾಗ "ಪುಟಕ್ಕೆ ಹೊಂದಿಸು" ಎಂಬ ಆಯ್ಕೆ ತೆಗೆಸಿ, 100 ಪ್ರತಿಶತ ಎಂದು ಹಾಕಿಸಿ. ಆ ಆಯ್ಕೆ ಇದ್ದರೆ ಪುಟ ಸದ್ದಿಲ್ಲದೆ 94–97 ಪ್ರತಿಶತಕ್ಕೆ ಕುಗ್ಗುತ್ತದೆ. 57 ಮಿ.ಮೀ. ಅಂಕಿ 54 ಆಗುತ್ತದೆ, ಪರೀಕ್ಷೆಯಲ್ಲಿ ಫೇಲು. ಅಂಗಡಿಯಲ್ಲೇ ನಿಂತು ಸ್ಕೇಲಿನಿಂದ ಅಳೆಯಿರಿ.

ಮೂರನೇ ಹಂತ. ಆ ಕಾಗದವನ್ನು ರೋಬೋಟಿನ ಮೇಲೆ ಟೇಪಿನಿಂದ ತಾತ್ಕಾಲಿಕವಾಗಿ ಅಂಟಿಸಿ, ಕೈಯನ್ನು ಪೂರ್ತಿ ಚಾಚಿಸಿ, ಮಡಚಿಸಿ, ಲಿಫ್ಟ್ ಮೇಲೆ ಕೆಳಗೆ ಮಾಡಿಸಿ ನೋಡಿ. ಯಾವುದೇ ಸ್ಥಿತಿಯಲ್ಲಿ ಒಂದು ಅಂಕಿ ಮುಚ್ಚಿದರೂ ಜಾಗ ಬದಲಿಸಬೇಕು. ನೆಲದಿಂದ 100 ಮಿ.ಮೀ. ಒಳಗೆ ಹಾಕಿದರೆ ಆಟದ ವಸ್ತುಗಳೇ ಅಡ್ಡ ಬರುತ್ತವೆ. ರೆಫರಿ ಮೈದಾನದ ಅಂಚಿಗೇ ನಿಂತಿರುವುದರಿಂದ ಮೇಲಿನಿಂದ ಕೆಳಕ್ಕೆ ನೋಡುತ್ತಾರೆ. ಫಲಕವನ್ನು 10ರಿಂದ 15 ಡಿಗ್ರಿ ಮೇಲಕ್ಕೆ ವಾಲಿಸಿದರೆ ಅವರಿಗೆ ನೇರವಾಗಿ ಕಾಣುತ್ತದೆ. ಅದಕ್ಕಿಂತ ಹೆಚ್ಚು ವಾಲಿಸಿದರೆ ಚಾವಣಿಯ ದೀಪದ ಬೆಳಕು ಫಲಕದಿಂದ ಕಣ್ಣಿಗೆ ಎಸೆಯುತ್ತದೆ.

ನಾಲ್ಕನೇ ಹಂತ, ಅಂಟಿಸುವುದು. ಮೊದಲು ಹಾಳೆಯ ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ, 5 ಮಿ.ಮೀ. ತ್ರಿಜ್ಯ ಸಾಕು. ಚೂಪು ಮೂಲೆಯಿಂದಲೇ ವಿನೈಲ್ ಏಳುವುದು. ಆಲ್ಕೋಹಾಲಿನಿಂದ ಒರೆಸಿ, ಒಣಗಲು ಎರಡು ನಿಮಿಷ ಬಿಡಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಎರೆಮಣ್ಣಿನ ಸೀಮೆಯ ಧೂಳು ಕಣ್ಣಿಗೆ ಕಾಣದಷ್ಟು ನುಣುಪು. ಒರೆಸಿದ ಹಾಳೆಯ ಮೇಲೆ ನಿಮಿಷದಲ್ಲಿ ಕೂತು, ವಿನೈಲಿನ ಅಂಟು ಹಾಳೆಯ ಬದಲು ಧೂಳನ್ನೇ ಹಿಡಿಯುತ್ತದೆ. ವಾರ ಕಳೆದ ಮೇಲೆ ಅಂಚು ಸುರುಳಿ ಸುತ್ತಲು ಇದೇ ಕಾರಣ. ಹಿನ್ನೆಲೆ ಬಣ್ಣದ ವಿನೈಲನ್ನು ಒಂದು ಅಂಚಿನಿಂದ ಶುರು ಮಾಡಿ, ಹಿಂದಿನ ಕಾಗದವನ್ನು ಎರಡೆರಡು ಇಂಚು ಎಳೆಯುತ್ತ, ಬಟ್ಟೆ ಸುತ್ತಿದ ಹಳೆಯ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಹೋಗಿ. ಅಂಚಿನಲ್ಲಿ 10 ಮಿ.ಮೀ. ಹೆಚ್ಚು ಬಿಟ್ಟು ಹಿಂಬದಿಗೆ ಮಡಚಿ. ಹಿಂಬದಿಗೆ ಎರಡನೇ ಬಣ್ಣ ಬರುವಾಗ ಅದನ್ನು ಈ ಮಡಿಕೆಯ ಮೇಲೆ, ಅಂಚಿನಿಂದ 2 ಮಿ.ಮೀ. ಒಳಗೆ ಕತ್ತರಿಸಿ ಕೂರಿಸಿ.

ಐದನೇ ಹಂತ, ಅಂಕಿ. ಪ್ಲಾಟರಿನಲ್ಲಿ (ಸ್ಟಿಕ್ಕರ್ ಅಂಗಡಿಯ ವಿನೈಲ್ ಕತ್ತರಿಸುವ ಯಂತ್ರ) ಕತ್ತರಿಸಿದ ಬಿಳಿ ಅಂಕಿಗಳನ್ನು ಬಿಡಿಬಿಡಿಯಾಗಿ ಕೈಯಿಂದ ಅಂಟಿಸಬೇಡಿ, ಸಾಲು ಡೊಂಕಾಗುತ್ತದೆ. ಹೊರಗಿನ ಬೇಡದ ವಿನೈಲ್ ತೆಗೆದ ಮೇಲೆ ಅಂಕಿಗಳ ಮೇಲೆ ಮಾಸ್ಕಿಂಗ್ ಟೇಪ್ ಪೂರ್ತಿ ಹಚ್ಚಿ ಒತ್ತಿ, ಎಲ್ಲ ಅಂಕಿಯನ್ನೂ ಒಟ್ಟಿಗೆ ಎತ್ತಿ. ಫಲಕದ ಮೇಲೆ ಪೆನ್ಸಿಲಿನಿಂದ ನಡುಗೆರೆ ಹಾಕಿಕೊಂಡು ಅದಕ್ಕೆ ಸರಿಯಾಗಿ ಕೂರಿಸಿ, ಒತ್ತಿ, ಟೇಪನ್ನು ತನ್ನ ಮೇಲೆಯೇ ಮಡಚಿಕೊಂಡು ಹಿಂದಕ್ಕೆ ಎಳೆಯಿರಿ. ನೇರ ಮೇಲಕ್ಕೆ ಎಳೆದರೆ 1ರಂಥ ಸಪೂರ ಅಂಕಿ ಟೇಪಿನ ಜೊತೆಗೇ ಬರುತ್ತದೆ. 4ರ ಒಳಗಿನ ತ್ರಿಕೋನ, 6, 8, 9, 0ಗಳ ಹೊಟ್ಟೆಯೊಳಗಿನ ತುಂಡು ತೆಗೆದಿದ್ದೀರಾ ಎಂದು ಮೊದಲೇ ನೋಡಿಕೊಳ್ಳಿ. ಅವು ಉಳಿದರೆ ಅಂಕಿಯ ಜಾಗದಲ್ಲಿ ಬಿಳಿ ಗಡ್ಡೆ ಕಾಣುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ತಾಪ 40 ಡಿಗ್ರಿ ದಾಟುತ್ತದೆ. ಆ ಬಿಸಿಯಲ್ಲಿ ಅಂಟು ಮುಟ್ಟಿದ ಕೂಡಲೇ ಹಿಡಿದುಬಿಡುತ್ತದೆ, ಸರಿಪಡಿಸಲು ಅವಕಾಶ ಸಿಗುವುದಿಲ್ಲ, ಎಳೆದರೆ ವಿನೈಲ್ ಹಿಗ್ಗುತ್ತದೆ. ಈ ಕೆಲಸ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಮಾಡಿ, ಆಮೇಲೆ 24 ಗಂಟೆ ಮುಟ್ಟದೆ ಇಡಿ. ಹೊರಡುವ ಹಿಂದಿನ ರಾತ್ರಿ ಅಂಟಿಸಿ, ಮರುದಿನ ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿಯಲ್ಲಿಟ್ಟು ಬೆಂಗಳೂರಿಗೋ ಹೈದರಾಬಾದಿಗೋ ಒಯ್ದರೆ ಇಳಿಸುವ ಹೊತ್ತಿಗೆ ಅಂಕಿ ಜಾರಿರುತ್ತದೆ. ಪ್ರಯಾಣದಲ್ಲಿ ಫಲಕಗಳನ್ನು ರೋಬೋಟಿನಿಂದ ಬಿಚ್ಚಿ, ಎರಡು ರಟ್ಟಿನ ನಡುವೆ ಇಟ್ಟು, ನಿಮ್ಮ ಜೊತೆ ಬ್ಯಾಗಿನಲ್ಲೇ ಒಯ್ಯಿರಿ.

ಕೂರಿಸುವುದು ಮತ್ತು ಬಣ್ಣ ಬದಲಿಸುವುದು

ಒಂದು ಪಂದ್ಯ ಕೆಂಪು, ಮುಂದಿನದು ನೀಲಿ. ನಡುವೆ ಕೆಲವೇ ನಿಮಿಷ, ಆ ನಿಮಿಷಗಳಲ್ಲೇ ಬ್ಯಾಟರಿಯನ್ನೂ ಬದಲಿಸಬೇಕು. ಫಲಕ ತಿರುಗಿಸುವ ಕೆಲಸ ಸ್ಕ್ರೂಡ್ರೈವರ್ ಇಲ್ಲದೆ ಹತ್ತು ಸೆಕೆಂಡಿನಲ್ಲಿ ಮುಗಿಯಬೇಕು.

ಎಲ್ಲಕ್ಕಿಂತ ನಂಬಬಹುದಾದ್ದು ಜಾರು ಪಟ್ಟಿ: ಕೆಳಗೊಂದು, ಮೇಲೊಂದು ಯು ಆಕಾರದ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಪಟ್ಟಿ, ಒಳ ಅಗಲ 4 ಮಿ.ಮೀ. ಫಲಕ ಪಕ್ಕದಿಂದ ಜಾರಿ ಒಳಗೆ ಹೋಗುತ್ತದೆ, ತುದಿಯಲ್ಲಿ ಒಂದು ವೆಲ್ಕ್ರೋ ಪಟ್ಟಿ ತಡೆಯುತ್ತದೆ. ರೋಬೋಟ್ ಬಿಡಿಭಾಗ ಮಾರುವ ಗೋಬಿಲ್ಡಾ ಕಂಪನಿಯ ಚಾನೆಲ್ ಇದ್ದರೆ ಎಂ4 ಸ್ಕ್ರೂ, ರೆವ್ ಕಂಪನಿಯ ಸಾಮಾನಿದ್ದರೆ ಎಂ3, ಎರಡಕ್ಕೂ ನೈಲಾನ್ ಇರುವ ಲಾಕ್ ನಟ್ ಹಾಕಿ. ಸಾದಾ ನಟ್ ರೋಬೋಟಿನ ನಡುಕಕ್ಕೆ ಎರಡನೇ ಪಂದ್ಯದಲ್ಲೇ ಸಡಿಲವಾಗುತ್ತದೆ. ಪಟ್ಟಿಯ ತುಟಿ ಅಂಕಿಯ ಮೇಲೆ ಅಥವಾ ಕೆಳಗೆ ಬೀಳದಂತೆ ಫಲಕದಲ್ಲಿ ಮೇಲೂ ಕೆಳಗೂ 10 ಮಿ.ಮೀ. ಬಿಟ್ಟಿರಬೇಕು. 80 ಮಿ.ಮೀ. ಎತ್ತರ ಹೇಳಿದ್ದು ಇದಕ್ಕೇ.

ಬರೀ ವೆಲ್ಕ್ರೋದಿಂದ ಕೂರಿಸುವವರು ಅದರ ಹಿಂದಿನ ಅಂಟನ್ನು ನಂಬಬಾರದು. ಬಿಸಿಗೆ ಮೊದಲು ಸೋಲುವುದು ಆ ಅಂಟೇ. ರೋಬೋಟಿನ ಬದಿಯ ಪಟ್ಟಿಗೆ ಎರಡು ಪಾಪ್ ರಿವೆಟ್ ಹೊಡೆಯಿರಿ. ಅಯಸ್ಕಾಂತ ಬಳಸುವ ಆಸೆ ಹಲವರಿಗೆ ಬರುತ್ತದೆ. ಮೋಟಾರಿನ ಸುತ್ತು ಎಣಿಸುವ ಎನ್‌ಕೋಡರ್ ಅಥವಾ ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್ ಹತ್ತಿರವಿದ್ದರೆ ಅದು ರೀಡಿಂಗ್ ಕೆಡಿಸುತ್ತದೆ, ಡಿಕ್ಕಿಗೆ ಹಾರಿಯೂ ಹೋಗುತ್ತದೆ.

ದಪ್ಪ ಮರೆಯಬೇಡಿ. 3 ಮಿ.ಮೀ. ಹಾಳೆ, ಸ್ಕ್ರೂ ತಲೆ 3, ವೆಲ್ಕ್ರೋ 5: ಒಂದು ಬದಿಗೆ 11, ಎರಡು ಬದಿಗೆ 22 ಮಿ.ಮೀ. ಎಫ್‌ಟಿಸಿ ರೋಬೋಟ್ ಶುರುವಿನಲ್ಲಿ 18 ಇಂಚಿನ, ಅಂದರೆ 457 ಮಿ.ಮೀ. ಪೆಟ್ಟಿಗೆಯಲ್ಲಿ ಹಿಡಿಯಬೇಕು. ಚೌಕಟ್ಟನ್ನೇ 450 ಮಾಡಿದ್ದರೆ ನಂಬರ್ ಪ್ಲೇಟಿನಿಂದಾಗಿಯೇ ಗಾತ್ರದ ಪರೀಕ್ಷೆಯಲ್ಲಿ ಹೊರಬೀಳುತ್ತೀರಿ. ಚೌಕಟ್ಟು 430 ಮಿ.ಮೀ. ಮೀರದಿರಲಿ.

ನಿಮ್ಮ ನಂಬರಿನಲ್ಲಿ 0, 1, 6, 8, 9 ಮಾತ್ರ ಇದ್ದರೆ ಫಲಕ ತಲೆಕೆಳಗಾದರೂ ಅದು ಒಂದು ಸಂಖ್ಯೆಯಾಗಿಯೇ ಓದಲು ಬರುತ್ತದೆ. 6891 ತಿರುಗಿದರೆ 1689. ಪ್ರತಿ ಮುಖದ ಮೇಲಂಚಿನಲ್ಲಿ ಸಣ್ಣ ಬಾಣದ ಗುರುತು ಹಾಕಿ, ಇಲ್ಲವೇ ಫಲಕದ ಒಂದು ಮೂಲೆ ಕತ್ತರಿಸಿ ಅದು ಒಂದೇ ರೀತಿಯಲ್ಲಿ ಒಳಗೆ ಹೋಗುವಂತೆ ಮಾಡಿ. ತಿರುಗಿಸಿದಾಗ ಎರಡೂ ಬಣ್ಣ ನೆಟ್ಟಗೆ ಬರಬೇಕಾದರೆ ಹಿಂಬದಿಯ ಅಂಕಿಯನ್ನು ಪುಸ್ತಕದ ಪುಟ ತಿರುವಿದಂತೆ ಅಡ್ಡಕ್ಕೆ ತಿರುಗಿಸಿ ಅಂಟಿಸಬೇಕು.

ಬಂಪರ್ ಬಟ್ಟೆಯ ಮೇಲೆ

ಎಫ್‌ಆರ್‌ಸಿ ಬಂಪರಿಗೆ ಸೀಟ್ ಕವರ್ ಹೊಲಿಯುವವರು ಮೊದಲು ತೋರಿಸುವುದು ರೆಕ್ಸಿನ್. ಬೇಡ. ಅದು ಹೊಳೆಯುತ್ತದೆ, ಇಸ್ತ್ರಿಗೆ ಸುಕ್ಕಾಗುತ್ತದೆ, ಡಿಕ್ಕಿಯಲ್ಲಿ ಹರಿಯುತ್ತದೆ. ಬ್ಯಾಗ್ ಹೊಲಿಯುವ ದಪ್ಪ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಕೇಳಿ. ಅಂಕಿಯನ್ನು ಬಟ್ಟೆ ಮರಕ್ಕೆ ಬಿಗಿಯುವ ಮುನ್ನವೇ, ಚಪ್ಪಟೆ ಇರುವಾಗಲೇ ಹಾಕಬೇಕು. ಆದರೆ ಜಾಗದ ಗುರುತನ್ನು ಬಟ್ಟೆ ಬಿಗಿದು ನೋಡಿ, ಸೀಮೆಸುಣ್ಣದಿಂದ ಮಾಡಿಕೊಂಡು, ಬಿಚ್ಚಿದ ಮೇಲೆ ಹಾಕಿ. ಬಟ್ಟೆ ಎಳೆದಾಗ ಅಂಕಿಯ ಕಾಲು ಬಂಪರಿನ ಅಡಿಗೆ ಮಡಚಿ ಹೋಗುವುದು ಸಾಮಾನ್ಯ ತಪ್ಪು. 102 ಮಿ.ಮೀ. ಅಂಕಿ 95 ಆಗಿ ಕಾಣುತ್ತದೆ.

ಇಸ್ತ್ರಿಯಿಂದ ಅಂಟುವ ಬಿಳಿ ಹಾಳೆ ಬಳಸಿದರೆ ಮೊದಲು ಅದೇ ಬಟ್ಟೆಯ ಚಿಂದಿಯ ಮೇಲೆ ಪ್ರಯೋಗ ಮಾಡಿ. ನೈಲಾನ್ ಬಿಸಿ ಹೆಚ್ಚಾದರೆ ಕರಗುತ್ತದೆ, ಕಡಿಮೆಯಾದರೆ ಅಂಕಿ ಹಿಡಿಯುವುದಿಲ್ಲ. ಅಂಟಿಸಿದ ಮೇಲೂ ಅಂಚಿನಲ್ಲಿ ಬಿಳಿ ನೂಲಿನಿಂದ ಒಂದು ಸುತ್ತು ಹೊಲಿಗೆ ಹಾಕಿಸಿ. ಸ್ಕ್ರೀನ್ ಪ್ರಿಂಟ್ ಮಾಡುವವರು ಬಟ್ಟೆಗೆ ಹಾಕುವ ಬಿಳಿ ಬಣ್ಣವನ್ನು ಎರಡು ಸಲ ಹೊಡೆಸಿದರೆ ಅದೂ ಗಟ್ಟಿ ಕೆಲಸ. ಒಂದೇ ಸಲ ಹೊಡೆದರೆ ಕೆಂಪು ಒಳಗಿನಿಂದ ಇಣುಕಿ ಅಂಕಿ ಗುಲಾಬಿಯಾಗುತ್ತದೆ.

ನಂಬರನ್ನು ಆಯಾ ಬದಿಯ ನಡುವಿಗೆ ಹಾಕಿ. ಮೂಲೆಗೆ ತೀರ ಹತ್ತಿರ ಹಾಕಿದರೆ ಎರಡು ಬದಿಯ ಅಂಕಿಗಳು ಒಟ್ಟಿಗೆ ಕಣ್ಣಿಗೆ ಬಿದ್ದು ಆರೇಳು ಅಂಕಿಯ ಸಂಖ್ಯೆಯಂತೆ ತೋರುತ್ತವೆ.

ನಮ್ಮ ಊರಿನ ಫೆಸ್ಟ್ ನಡೆಸುವವರಿಗೆ

ರೋಬೋ ಸಾಕರ್, ಲೈನ್ ಫಾಲೋವರ್ (ನೆಲದ ಗೆರೆ ಹಿಡಿದು ಓಡುವ ರೋಬೋಟ್), ರೋಬೋ ರೇಸ್ ನಡೆಸುವ ಸಂಘಟಕರು ನಿಯಮದಲ್ಲಿ ನಂಬರಿನ ಬಗ್ಗೆ ನಾಲ್ಕು ಸಾಲು ಬರೆದರೆ ಅರ್ಧ ಜಗಳ ನಿಲ್ಲುತ್ತದೆ. ನೋಂದಣಿಯ ಹೊತ್ತಿಗೇ ಎರಡಂಕಿಯ ನಂಬರು ಕೊಡಿ, 21ರಿಂದ ಶುರು ಮಾಡಿ. ತಲೆಕೆಳಗಾದರೂ ನಂಬರಾಗಿಯೇ ಓದಿಸುವ 66, 68, 69, 86, 88, 89, 96, 98, 99 ಬಿಟ್ಟುಬಿಡಿ. ಸಣ್ಣ ರೋಬೋಟುಗಳನ್ನು ತೀರ್ಪುಗಾರರು ನಿಂತು ಮೇಲಿನಿಂದ ನೋಡುತ್ತಾರೆ. ಆದ್ದರಿಂದ ಮೇಲ್ಮೈ ಮೇಲೊಂದು, ಹಿಂಬದಿಗೊಂದು ನಂಬರು ಕೇಳಿ. 20 ಸೆಂ.ಮೀ. ಗಾತ್ರದ ಲೈನ್ ಫಾಲೋವರಿಗೆ 40 ಮಿ.ಮೀ. ಎತ್ತರದ ಅಂಕಿ ಸಾಕು. ಬಿಳಿಯ ಮೇಲೆ ಕಪ್ಪು ಅಥವಾ ಕಪ್ಪಿನ ಮೇಲೆ ಬಿಳಿ ಮಾತ್ರ ಎಂದು ಬರೆಯಿರಿ. ಲೈನ್ ಫಾಲೋವರಿನಲ್ಲಿ ಮಾತ್ರ ಫಲಕ ಸೆನ್ಸರ್ ಸಾಲಿನ ಮುಂದಕ್ಕೆ ಚಾಚದಂತೆ ನೋಡಬೇಕು, ಅದರ ನೆರಳಿಗೇ ದಾರಿ ತಪ್ಪುವ ರೋಬೋಟುಗಳಿವೆ. ರೋಬೋ ವಾರ್‌ಗೆ ಸ್ಟಿಕ್ಕರ್ ಉಳಿಯುವುದಿಲ್ಲ. ಸ್ಟೆನ್ಸಿಲ್ ಇಟ್ಟು ಸ್ಪ್ರೇ ಪೇಂಟ್ ಹೊಡೆದು, ಪಂದ್ಯಗಳ ನಡುವೆ ಮತ್ತೊಂದು ಸುತ್ತು ಹೊಡೆಯಲು ಅದೇ ಸ್ಟೆನ್ಸಿಲ್ ಇಟ್ಟುಕೊಳ್ಳಲು ಹೇಳಿ. ಸ್ಟೆನ್ಸಿಲ್ ಕತ್ತರಿಸುವಾಗ 4, 6, 8, 9, 0ಗಳ ನಡುವಿನ ತುಂಡು ಬಿದ್ದುಹೋಗದಂತೆ ಎರಡು ಸಪೂರ ಸೇತುವೆ ಬಿಡಬೇಕು. ಪೇಂಟ್ ಒಣಗಿದ ಮೇಲೆ ಆ ಸೇತುವೆಯ ಸಂದನ್ನು ಬ್ರಷ್‌ನಿಂದ ತುಂಬಿಸಿ.

ಹೊರಡುವ ಮುನ್ನ ಪರೀಕ್ಷೆ

ನಿಮ್ಮ ನಂಬರು ಗೊತ್ತಿಲ್ಲದ ಒಬ್ಬರನ್ನು ಕರೆಯಿರಿ. ಬೇರೆ ವಿಭಾಗದ ವಿದ್ಯಾರ್ಥಿ, ಲ್ಯಾಬ್ ಅಟೆಂಡರ್, ಯಾರಾದರೂ ಸರಿ. ತಂಡದವರ ಕಣ್ಣು ಇಲ್ಲಿ ಕೆಲಸಕ್ಕೆ ಬಾರದು, ಅವರಿಗೆ ಅರ್ಧ ಅಂಕಿ ಕಂಡರೂ ಪೂರ್ತಿ ನಂಬರು ಓದಿದಂತಾಗುತ್ತದೆ. ಮೈದಾನದ ಅತಿ ದೂರದ ಅಂಚಿನಷ್ಟು ದೂರ ಅವರನ್ನು ನಿಲ್ಲಿಸಿ. ರೋಬೋಟನ್ನು 45 ಡಿಗ್ರಿಯಂತೆ ಎಂಟು ಸಲ ತಿರುಗಿಸಿ, ಪ್ರತಿ ಸಲವೂ ಎರಡು ಸೆಕೆಂಡ್ ತೋರಿಸಿ, ಮುಚ್ಚಿ, ಕಂಡದ್ದನ್ನು ಬರೆಯಲು ಹೇಳಿ. ಎರಡೇ ಬದಿಗೆ ಫಲಕವಿದ್ದರೆ ಎಂಟರಲ್ಲಿ ಎರಡು ಕಡೆಯಿಂದ ಏನೂ ಕಾಣದಿರಬಹುದು, ಅದು ಸಹಜ. ತಪ್ಪು ನಂಬರು ಮಾತ್ರ ಒಮ್ಮೆಯೂ ಬರಬಾರದು. ಬಂದರೆ ಯಾವ ಅಂಕಿ ತಪ್ಪಾಯಿತೆಂದು ನೋಡಿ: 3 ಹೋಗಿ 8 ಆಗಿದ್ದರೆ ಗೆರೆ ತೀರಾ ದಪ್ಪ, 1 ಹೋಗಿ 7 ಆಗಿದ್ದರೆ ಫಾಂಟ್ ಬದಲಿಸಿ, 11 ಇದ್ದದ್ದು 1 ಆಗಿದ್ದರೆ ಅಂಕಿಗಳ ನಡುವೆ ಇನ್ನೂ 5 ಮಿ.ಮೀ. ಜಾಗ ಬೇಕು. ಅದಾದ ಮೇಲೆ ರೋಬೋಟ್ ಓಡಿಸುತ್ತ ಮೊಬೈಲಿನಲ್ಲಿ ವಿಡಿಯೊ ತೆಗೆದು, ಎಲ್ಲಿ ನಿಲ್ಲಿಸಿದರೂ ನಂಬರು ಓದಲು ಬರುತ್ತದೆಯೇ ನೋಡಿ.

ಸ್ಪರ್ಧೆಯ ಡಬ್ಬಿಯಲ್ಲಿ ಇವಿಷ್ಟು ಇರಲಿ: ಹೆಚ್ಚುವರಿ ಫಲಕ, ಕತ್ತರಿಸಿದ ಬಿಳಿ ಅಂಕಿಗಳ ಎರಡು ಸೆಟ್, ಮಾಸ್ಕಿಂಗ್ ಟೇಪ್, ಆಲ್ಕೋಹಾಲ್ ಸೀಸೆ, ನಾಲ್ಕು ಲಾಕ್ ನಟ್, ಸ್ಟೀಲ್ ಸ್ಕೇಲು, ಮತ್ತು ಆ ವರ್ಷದ ನಿಯಮ ಪುಸ್ತಕದ ನಂಬರಿನ ಪುಟದ ಪ್ರಿಂಟ್. ಪರೀಕ್ಷಕರು ಪ್ರಶ್ನೆ ಎತ್ತಿದರೆ ವಾದ ಬೇಡ. ಸ್ಕೇಲು ಮತ್ತು ಆ ಪುಟ ಮುಂದಿಟ್ಟು ಅವರೆದುರೇ ಅಳೆಯಿರಿ, ಕಡಿಮೆ ಬಂದರೆ ಹೆಚ್ಚುವರಿ ಫಲಕ ಹಾಕಿ. ಪ್ರತಿ ಪಂದ್ಯ ಮುಗಿದ ಮೇಲೆ ಒಣ ಬಟ್ಟೆಯಿಂದ ಫಲಕ ಒರೆಸುವ, ಮುಂದಿನ ಪಂದ್ಯದ ಬಣ್ಣ ನೋಡಿ ತಿರುಗಿಸುವ ಕೆಲಸವನ್ನು ತಂಡದಲ್ಲಿ ಒಬ್ಬರಿಗೇ ಒಪ್ಪಿಸಿ, ಬ್ಯಾಟರಿ ಬದಲಿಸುವವರಿಗೆ ಅದನ್ನೂ ಹೊರಿಸಬೇಡಿ.